ಮೇನ್ ರೋಡಿನ ಮಡಿವಾಳ ಹಕ್ಕಿ ಬೇರೆ ಥರ ಹಾಡುತ್ತದೆಯೇ? ರೆಕಾರ್ಡ್ ಮಾಡಿ ನೋಡೋಣ ಬನ್ನಿ

ಜಯನಗರ_ಟೆರೇಸ್

ಎಲ್ಲರಿಗೂ ನಮಸ್ಕಾರ. ಮಡಿವಾಳ ಹಕ್ಕಿ (ಮ್ಯಾಗ್‌ಪೈ ರಾಬಿನ್) ಹಾಡುವ ಕಾಲ ಬಂದಿದೆ. ನಮ್ಮ ಕ್ರಾಸ್‌ನಲ್ಲಿ ಒಂದು ಗಂಡು ಹಕ್ಕಿ ನೀರಿನ ಟ್ಯಾಂಕ್ ಮೇಲೆ ಕೂತು ಬೆಳಕು ಹರಿಯುವ ಮೊದಲೇ ಶುರು ಮಾಡುತ್ತದೆ. ಇನ್ನೊಂದು ಮೇನ್ ರೋಡಿನ ಬಸ್ ಸ್ಟಾಪ್ ಪಕ್ಕದ ಮರದಲ್ಲಿದೆ. ಎರಡರ ಹಾಡೂ ಒಂದೇ ಅಲ್ಲ ಅನ್ನಿಸುತ್ತದೆ. ರೋಡಿನ ಹಕ್ಕಿಯ ಸಿಳ್ಳೆ ತೀಕ್ಷ್ಣ, ಮೇಲಿನ ಶ್ರುತಿಯಲ್ಲಿದೆ. ಕ್ರಾಸ್‌ನ ಹಕ್ಕಿ ಕೆಳಗಿನ ಸ್ವರಗಳನ್ನು ಎಳೆದು ಎಳೆದು ಹಾಡುತ್ತದೆ.

ದನಿ ಕೇಳಿ ಹಕ್ಕಿ ಗುರುತಿಸುವ ಮರ್ಲಿನ್ ಆಪ್ ಎರಡಕ್ಕೂ ಒಂದೇ ಹೆಸರು ತೋರಿಸುತ್ತದೆ. ಅದರ ಕೆಲಸ ಅಷ್ಟೇ, ಅದನ್ನು ಚೆನ್ನಾಗಿ ಮಾಡುತ್ತದೆ. ಆದರೆ ಹೆಸರು ಸಿಕ್ಕ ಕೂಡಲೇ ನಾವು ಫೋನ್ ಜೇಬಿಗೆ ಹಾಕಿಬಿಡುತ್ತೇವೆ. ನನಗೆ ಅದು ಬೇಸರ. ಈ ಹಕ್ಕಿ ಯಾರಿಗೆ ಹಾಡುತ್ತಿದೆ? ಆ ಕಡೆಯಿಂದ ಉತ್ತರ ಬರುತ್ತಿದೆಯೇ? ಗಾಡಿಗಳ ಗದ್ದಲದಲ್ಲಿ ಅದರ ಮಾತು ತಲುಪುತ್ತಿದೆಯೇ? ಇದನ್ನು ಕಂಡುಹಿಡಿಯಲು ದೊಡ್ಡ ಲ್ಯಾಬ್ ಬೇಕಿಲ್ಲ, ಒಳ್ಳೆಯ ರೆಕಾರ್ಡಿಂಗ್ ಮತ್ತು ತಾಳ್ಮೆ ಸಾಕು ಅಂತ ನಂಬಿದ್ದೇನೆ.

ಯಾವ ಆಪ್, ಯಾವ ಮೈಕ್, ಹೇಗೆ ಅಳೆಯಬೇಕು? ಗೊತ್ತಿರುವವರು ದಯವಿಟ್ಟು ಹೇಳಿ. ಬೇರೆ ಬೇರೆ ಏರಿಯಾದವರು ಜೊತೆ ಸೇರಿದರೆ ಇನ್ನೂ ಒಳ್ಳೆಯದು.


ಕೆರೆದಂಡೆ

ಒಳ್ಳೆಯ ವಿಷಯ ಎತ್ತಿದ್ದೀರಿ. ನಿಮ್ಮ ಹಕ್ಕಿಗೂ ಈ ಕೆಲಸಕ್ಕೂ ಹಳೆಯ ನಂಟಿದೆ. ಹಕ್ಕಿಯ ದನಿಯ ಮೊಟ್ಟಮೊದಲ ರೆಕಾರ್ಡಿಂಗ್ ಅಂತ ಹೇಳುವುದು 1889ರದು. ಜರ್ಮನಿಯಲ್ಲಿ ಲುಡ್ವಿಗ್ ಕಾಕ್ ಅನ್ನುವ ಎಂಟು ವರ್ಷದ ಹುಡುಗ ಎಡಿಸನ್ ಯಂತ್ರದ ಮೇಣದ ಸಿಲಿಂಡರ್ ಮೇಲೆ ತನ್ನ ಸಾಕುಹಕ್ಕಿಯ ದನಿ ಹಿಡಿದ. ಅದು ಶಾಮಾ ಹಕ್ಕಿ. ನಮ್ಮ ಪಶ್ಚಿಮ ಘಟ್ಟದಲ್ಲೂ ಇದೆ, ಮಡಿವಾಳ ಹಕ್ಕಿಯ ಹತ್ತಿರದ ಸಂಬಂಧಿ.

ಆದರೆ ದನಿ ಹಿಡಿದಿಟ್ಟರೆ ಸಾಲದು, ಅದನ್ನು ಪಕ್ಕಪಕ್ಕ ಇಟ್ಟು ಹೋಲಿಸಲು ಆಗಬೇಕು. ಅದಕ್ಕೆ ದಾರಿ ಮಾಡಿಕೊಟ್ಟದ್ದು ಸ್ಪೆಕ್ಟ್ರೋಗ್ರಾಂ, ಅಂದರೆ ದನಿಯ ಚಿತ್ರ. ಎರಡನೇ ಮಹಾಯುದ್ಧದ ಹೊತ್ತಿಗೆ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಅದನ್ನು ಬಿಡಿಸುವ ಯಂತ್ರ ತಯಾರಾಯಿತು. ಎಡದಿಂದ ಬಲಕ್ಕೆ ಕಾಲ, ಕೆಳಗಿನಿಂದ ಮೇಲಕ್ಕೆ ಫ್ರೀಕ್ವೆನ್ಸಿ (ಶ್ರುತಿಯ ಎತ್ತರ), ದನಿ ಜೋರಾಗಿದ್ದಲ್ಲಿ ಗೆರೆ ಗಾಢ. ನೇರ ಸಿಳ್ಳೆ ಅಡ್ಡಗೆರೆಯಾಗಿ ಕಾಣುತ್ತದೆ, ಏರುವ ಸಿಳ್ಳೆ ಓರೆಗೆರೆ. ಕಾಗೆಯ ಕರ್ಕಶ ದನಿ ಒಂದರ ಮೇಲೊಂದು ಪಟ್ಟೆಗಳಾಗಿ ನಿಲ್ಲುತ್ತದೆ.

1950ರ ದಶಕದಲ್ಲಿ ಕೇಂಬ್ರಿಡ್ಜ್‌ನ ವಿಲಿಯಂ ಥಾರ್ಪ್ ಇದನ್ನು ಚಾಫಿಂಚ್ ಹಕ್ಕಿಗಳ ಮೇಲೆ ಬಳಸಿದರು. ದೊಡ್ಡ ಹಕ್ಕಿಗಳ ಹಾಡು ಕೇಳಿಸದ ಹಾಗೆ ಬೆಳೆಸಿದ ಮರಿ ಸರಿಯಾಗಿ ಹಾಡಲಿಲ್ಲ. ಅಂದರೆ ಹಾಡನ್ನು ಕಲಿಯಬೇಕು ಅನ್ನುವುದು ಚಿತ್ರದಲ್ಲೇ ಕಂಡಿತು. ಮುಂದೆ ಪೀಟರ್ ಮಾರ್ಲರ್ ಕ್ಯಾಲಿಫೋರ್ನಿಯಾದಲ್ಲಿ ಬಿಳಿನೆತ್ತಿಯ ಗುಬ್ಬಿಗಳಿಗೆ ಊರೂರಿಗೆ ಬೇರೆ ಬೇರೆ ಹಾಡಿನ ಶೈಲಿ ಇದೆ ಅಂತ ತೋರಿಸಿದರು. ಅದಕ್ಕೇ ಜಯನಗರದ ಎರಡು ಹಕ್ಕಿ ಬೇರೆ ಥರ ಹಾಡಿದರೆ ನನಗೆ ಆಶ್ಚರ್ಯ ಆಗುವುದಿಲ್ಲ. ಯಾಕೆ ಅನ್ನುವುದೇ ಪ್ರಶ್ನೆ.


ಸೌಂಡ್‌ಮನೆ

ನಾನು ಡಬ್ಬಿಂಗ್ ಸ್ಟುಡಿಯೋದಲ್ಲಿ ಕೆಲಸ ಮಾಡುವವನು. ಹಕ್ಕಿ ಬಗ್ಗೆ ತಿಳಿದದ್ದು ಕಮ್ಮಿ, ದನಿ ಬಗ್ಗೆ ಹೇಳಬಲ್ಲೆ.

ಫೋನಿನ ಜೊತೆ ಬರುವ ವಾಯ್ಸ್ ರೆಕಾರ್ಡರ್ ಬಳಸಬೇಡಿ. ಅದು ಮನುಷ್ಯರ ಮಾತಿಗಾಗಿ ಮಾಡಿದ್ದು. ನಾಯ್ಸ್ ಕಡಿಮೆ ಮಾಡುತ್ತೇನೆ ಅಂತ ಹಿನ್ನೆಲೆಯ ದನಿಯನ್ನು ಅಳಿಸುತ್ತದೆ. ಅದಕ್ಕೆ ಹಕ್ಕಿಯೇ ಹಿನ್ನೆಲೆ! ಮರ್ಲಿನ್ ರೆಕಾರ್ಡಿಂಗ್ ಪರವಾಗಿಲ್ಲ, ಡಬ್ಲ್ಯೂಎವಿ ಫೈಲ್ ಆಗಿ, ಅಂದರೆ ದನಿಯನ್ನು ಹಿಂಡದೆ ಉಳಿಸುತ್ತದೆ. ಬೇರೆ ಆಪ್ ಆದರೆ ಸೆಟ್ಟಿಂಗ್ಸ್‌ನಲ್ಲಿ ಡಬ್ಲ್ಯೂಎವಿ, 48 ಕಿಲೋಹರ್ಟ್ಜ್ ಇಡಿ, ಆಟೋ ಗೇನ್ (ದನಿಯನ್ನು ತಾನೇ ಏರಿಸಿ ಇಳಿಸುವುದು) ಮತ್ತು ನಾಯ್ಸ್ ಫಿಲ್ಟರ್ ಆಫ್ ಮಾಡಿ. ಒಂದು ಫ್ರೀಕ್ವೆನ್ಸಿಯನ್ನು ಸರಿಯಾಗಿ ಹಿಡಿಯಲು ಅದರ ಎರಡು ಪಟ್ಟಿಗಿಂತ ಜಾಸ್ತಿ ವೇಗದಲ್ಲಿ ಸ್ಯಾಂಪಲ್ ಮಾಡಬೇಕು, ಅಂದರೆ ದನಿಯನ್ನು ಅಳೆದು ಬರೆದುಕೊಳ್ಳಬೇಕು. 48 ಇದ್ದರೆ 24 ಕಿಲೋಹರ್ಟ್ಜ್ ತನಕ ಸಿಗುತ್ತದೆ. ಹೆಚ್ಚಿನ ಹಾಡುಹಕ್ಕಿಗಳು 1ರಿಂದ 8 ಕಿಲೋಹರ್ಟ್ಜ್ ಒಳಗೇ ಹಾಡುತ್ತವೆ, ಹಾಗಾಗಿ ಧಾರಾಳ.

16 ಬಿಟ್, ಮೋನೋ, 48 ಕಿಲೋಹರ್ಟ್ಜ್ ಅಂದರೆ ನಿಮಿಷಕ್ಕೆ ಸುಮಾರು 5.8 ಎಂಬಿ, ಗಂಟೆಗೆ 350 ಎಂಬಿ ಹತ್ತಿರ. ಫೋನಿನಲ್ಲಿ ಜಾಗ ನೋಡಿಕೊಳ್ಳಿ. ಫೈಲನ್ನು ವಾಟ್ಸಾಪ್‌ನಲ್ಲಿ ಆಡಿಯೋ ಆಗಿ ಕಳಿಸಲೇಬೇಡಿ, ಅದು ಹಿಂಡಿ ಚಿಕ್ಕದು ಮಾಡುತ್ತದೆ. ಡ್ರೈವ್‌ಗೆ ಹಾಕಿ.

ಮೈಕ್ ಖರೀದಿಗೆ ಮೊದಲು ಒಂದು ಮಾತು. ಹಕ್ಕಿಯ ಹತ್ತಿರ ಹೋಗುವುದೇ ಒಳ್ಳೆಯ ಮೈಕ್. ದೂರ ಅರ್ಧಕ್ಕೆ ಇಳಿದರೆ ದನಿ 6 ಡೆಸಿಬಲ್ ಏರುತ್ತದೆ, ಟ್ರಾಫಿಕ್ ಅಷ್ಟೇ ಇರುತ್ತದೆ. ಹಾಗಂತ ಹಕ್ಕಿ ಹಾರಿಹೋಗುವಷ್ಟು ಹತ್ತಿರ ಬೇಡ.

ಕಂಪ್ಯೂಟರ್‌ನಲ್ಲಿ ನೋಡಲು ಆಡಾಸಿಟಿ ಉಚಿತ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದವರ ರೇವನ್ ಲೈಟ್ ಕೂಡ ಉಚಿತ. ಯಾವುದನ್ನೇ ಬಳಸಿ, ಎಲ್ಲರೂ ಒಂದೇ ವಿಂಡೋ ಸೈಜ್ (ಒಂದು ಸಲಕ್ಕೆ ಲೆಕ್ಕಕ್ಕೆ ತೆಗೆದುಕೊಳ್ಳುವ ದನಿ ತುಣುಕಿನ ಉದ್ದ) ಇಟ್ಟುಕೊಳ್ಳಿ. ವಿಂಡೋ ದೊಡ್ಡದಾದರೆ ಫ್ರೀಕ್ವೆನ್ಸಿ ಸ್ಪಷ್ಟ, ಕಾಲ ಮಸುಕು. ಚಿಕ್ಕದಾದರೆ ತಿರುಗುಮುರುಗು. ಒಬ್ಬರು ಒಂದು ಥರ, ಇನ್ನೊಬ್ಬರು ಒಂದು ಥರ ಇಟ್ಟರೆ ಹಕ್ಕಿ ಬದಲಾಗದೆ ಚಿತ್ರ ಮಾತ್ರ ಬದಲಾಗುತ್ತದೆ.


ಮಲೆನಾಡ್_ಮಗಳು

ಇಷ್ಟೆಲ್ಲ ಯಾಕೆ, ಕಿವಿಗೆ ಕೇಳುವುದಿಲ್ಲವೇ? ನಮ್ಮ ಸಾಗರದ ಮನೆಯಲ್ಲಿ ಅಜ್ಜ ದನಿ ಕೇಳಿಯೇ ಯಾವ ಹಕ್ಕಿ, ಸಿಟ್ಟಾಗಿದೆಯೋ ಹೆದರಿದೆಯೋ ಹೇಳುತ್ತಿದ್ದರು. ನಿಜವಾಗಿ ಕೇಳುತ್ತಿದ್ದೇನೆ, ತಪ್ಪು ತಿಳಿಯಬೇಡಿ.


ಉಲಿ_ವಿದ್ಯಾರ್ಥಿ

ಮೇಡಂ, ನಿಮ್ಮ ಅಜ್ಜ ಕೇಳಿದ್ದು ನಿಜವೇ ಇರಬೇಕು. ಕಾಡಿನ ಅಂಚಿನಲ್ಲಿ ಬದುಕಿದವರಿಗೆ ಎಚ್ಚರಿಕೆಯ ಕೂಗು ಚೆನ್ನಾಗಿ ಗೊತ್ತು. ಆದರೆ ನಮ್ಮ ಕಿವಿಗೆ ಎರಡು ಮಿತಿ ಇದೆ.

ಒಂದು, ಹಕ್ಕಿಯ ದನಿಪೆಟ್ಟಿಗೆ ನಮ್ಮ ಹಾಗೆ ಗಂಟಲ ಮೇಲ್ಭಾಗದಲ್ಲಿಲ್ಲ. ಶ್ವಾಸನಾಳ ಎರಡಾಗಿ ಕವಲೊಡೆಯುವಲ್ಲಿ, ಎದೆಯೊಳಗೆ ಇದೆ. ಅದಕ್ಕೆ ಸಿರಿಂಕ್ಸ್ ಅನ್ನುತ್ತಾರೆ. ಹಾಡುಹಕ್ಕಿಗಳು ಎರಡು ಕವಲನ್ನೂ ಬೇರೆ ಬೇರೆಯಾಗಿ ಆಡಿಸಬಲ್ಲವು, ಒಂದೇ ಹೊತ್ತಿಗೆ ಎರಡು ಸ್ವರ ಹೊರಡಿಸಬಲ್ಲವು. ನಮಗೆ ಒಂದೇ ದನಿ ಕೇಳಿದ್ದು ಚಿತ್ರದಲ್ಲಿ ಎರಡು ಗೆರೆಯಾಗಿ ಕಾಣುತ್ತದೆ.

ಎರಡು, ಒಂದು ಸ್ವರದ ಒಳಗಿನ ಅತಿ ವೇಗದ ಏರಿಳಿತ ನಮಗೆ ಸಿಗುವುದಿಲ್ಲ, ಹಕ್ಕಿಗಳಿಗೆ ಸಿಗುತ್ತದೆ. ರೆಕಾರ್ಡಿಂಗನ್ನು ನಾಲ್ಕು ಪಟ್ಟು ನಿಧಾನ ಮಾಡಿ ಕೇಳಿ. ಟುವ್ವಿ ಹಕ್ಕಿಯ ಒಂದು ಕೂಗನ್ನೇ ಹಾಗೆ ಕೇಳಿದರೆ ಮೈ ಜುಂ ಅನ್ನುತ್ತದೆ.

ಇನ್ನೊಂದು ಸಂಗತಿ. ಮರ್ಲಿನ್ ಆಪ್ ಕೂಡ ಮೊದಲು ದನಿಯನ್ನು ಸ್ಪೆಕ್ಟ್ರೋಗ್ರಾಂ ಚಿತ್ರ ಮಾಡಿಕೊಂಡು, ಆ ಚಿತ್ರವನ್ನು ಗುರುತಿಸುತ್ತದೆ. 2021ರಲ್ಲಿ ಬಂದ ಈ ಸೌಲಭ್ಯದ ಹಿಂದೆ ಇರುವುದು ಚಿತ್ರ ಗುರುತಿಸುವ ವಿದ್ಯೆಯೇ.

ಇನ್ನು ಜಯನಗರ ಸರ್ ಪ್ರಶ್ನೆಗೆ ಬರುತ್ತೇನೆ. 2003ರಲ್ಲಿ ನೆದರ್ಲ್ಯಾಂಡ್ಸ್‌ನ ಲೈಡನ್ ಊರಿನಲ್ಲಿ ಗ್ರೇಟ್ ಟಿಟ್ ಹಕ್ಕಿಗಳನ್ನು ಅಧ್ಯಯನ ಮಾಡಿದರು. ಗದ್ದಲ ಜಾಸ್ತಿ ಇದ್ದ ಕಡೆ ಹಾಡಿನ ಅತಿ ಕೆಳಗಿನ ಸ್ವರ ಮೇಲಕ್ಕೆ ಸರಿದಿತ್ತು. ಗಾಡಿಗಳ ಸದ್ದು ಹೆಚ್ಚಾಗಿ 2 ಕಿಲೋಹರ್ಟ್ಜ್‌ಗಿಂತ ಕೆಳಗೆ ಇರುತ್ತದೆ, ಅಲ್ಲಿ ಹಾಡಿದ್ದು ಮುಚ್ಚಿಹೋಗುತ್ತದೆ. 2004ರಲ್ಲಿ ಬರ್ಲಿನ್‌ನಲ್ಲಿ ನೈಟಿಂಗೇಲ್‌ಗಳು ಗದ್ದಲದ ಜಾಗದಲ್ಲಿ ದನಿ ಏರಿಸುತ್ತವೆ ಅಂತ ಕಂಡಿತು. ಕೆಲಸದ ದಿನದ ಬೆಳಗ್ಗೆ ಜೋರು, ವಾರಾಂತ್ಯ ಮೆಲ್ಲಗೆ. ಬಸ್ಸಿನಲ್ಲಿ ಫೋನ್ ಬಂದಾಗ ನಮ್ಮ ದನಿಯೂ ಗೊತ್ತಿಲ್ಲದೆ ಏರುತ್ತದೆ ಅಲ್ವಾ, ಅದೇ ಇದು. ಲೊಂಬಾರ್ಡ್ ಪರಿಣಾಮ ಅಂತ ಹೆಸರು. 2020ರ ಲಾಕ್‌ಡೌನ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಬಿಳಿನೆತ್ತಿಯ ಗುಬ್ಬಿಗಳು ಮೆಲ್ಲಗೆ ಹಾಡಿದವು, ಕೆಳಗಿನ ಸ್ವರಕ್ಕೂ ಇಳಿದವು. ಮೆಲ್ಲಗೆ ಹಾಡಿದರೂ ಹಾಡು ಮೊದಲಿಗಿಂತ ದೂರ ತಲುಪಿತು.


ಜಯನಗರ_ಟೆರೇಸ್

ಲಾಕ್‌ಡೌನ್ ವಿಷಯ ಓದಿ ಮನಸ್ಸು ತುಂಬಿತು. ಹಾಗಾದರೆ ನಮ್ಮ ಕೆಲಸ ಸುಲಭ ಅಲ್ವಾ? ರೋಡಿನ ಹಕ್ಕಿ, ಕ್ರಾಸ್‌ನ ಹಕ್ಕಿ ಎರಡನ್ನೂ ರೆಕಾರ್ಡ್ ಮಾಡಿ, ಚಿತ್ರದಲ್ಲಿ ಅತಿ ಕೆಳಗಿನ ಗೆರೆ ಎಲ್ಲಿದೆ ನೋಡಿ ಬರೆದುಕೊಂಡರೆ ಆಯಿತು.


ಉಲಿ_ವಿದ್ಯಾರ್ಥಿ

ಇಲ್ಲೇ ಎಲ್ಲರೂ ನಿಲ್ಲಬೇಕು ಸರ್. ಇದೇ ಈ ಕ್ಷೇತ್ರದ ದೊಡ್ಡ ಹಳ್ಳ. ಸ್ವಲ್ಪ ಉದ್ದ ಬರೆಯುತ್ತೇನೆ.

ರೋಡಿನ ಪಕ್ಕದ ರೆಕಾರ್ಡಿಂಗ್‌ನಲ್ಲಿ ಚಿತ್ರದ ಕೆಳಭಾಗ ಪೂರ್ತಿ ಗಾಡಿಗಳ ಸದ್ದಿನಿಂದ ಕಪ್ಪಾಗಿರುತ್ತದೆ. ಹಕ್ಕಿ ಅಲ್ಲಿ ಹಾಡಿದ್ದರೂ ಆ ಗೆರೆ ಮುಳುಗಿರುತ್ತದೆ. ನಿಮ್ಮ ಕಣ್ಣಿಗೆ ಕಾಣುವ ಅತಿ ಕೆಳಗಿನ ಗೆರೆ ಸಹಜವಾಗಿಯೇ ಮೇಲಿರುತ್ತದೆ. ಆಗ "ಹಕ್ಕಿ ಮೇಲಕ್ಕೆ ಹಾಡಿತು" ಅಂತ ಬರೆದುಕೊಳ್ಳುತ್ತೀರಿ. ಹಕ್ಕಿ ಏನೂ ಬದಲಿಸದೇ ಇದ್ದಿರಬಹುದು. ಕ್ರಾಸ್‌ನಲ್ಲಿ ಹಿನ್ನೆಲೆ ಶಾಂತ, ಅದೇ ಗೆರೆ ಕಾಣುತ್ತದೆ. ಗದ್ದಲವೇ ನಮ್ಮ ಅಳತೆಯನ್ನು ಬಾಗಿಸಿದೆ. ನಗರದ ಹಕ್ಕಿಗಳ ಮೇಲಿನ ಹಲವು ಅಧ್ಯಯನಗಳಿಗೆ ಇದೇ ಆಕ್ಷೇಪ ಬಂದಿದೆ.

ಮತ್ತೊಂದು ಸೂಕ್ಷ್ಮ. ಜೋರಾಗಿ ಹಾಡಿದಾಗ ಶ್ರುತಿ ತಾನಾಗಿ ಏರಬಹುದು. ಹಾಗಾದರೆ ಹಕ್ಕಿ ಗದ್ದಲ ತಪ್ಪಿಸಲು ಶ್ರುತಿ ಏರಿಸಿತೋ, ಜೋರು ಮಾಡಲು ಹೋಗಿ ಶ್ರುತಿ ಏರಿತೋ? ಎರಡೂ ಒಂದೇ ಅಲ್ಲ.

ಏನು ಮಾಡಬಹುದು? ಕಣ್ಣಂದಾಜು ಬಿಡಿ. ಒಂದೊಂದು ಸ್ವರದಲ್ಲೂ ಶಕ್ತಿ ಎಲ್ಲಿ ಅತಿ ಹೆಚ್ಚಿದೆಯೋ ಆ ಫ್ರೀಕ್ವೆನ್ಸಿಯನ್ನು ಸಾಫ್ಟ್‌ವೇರ್‌ನಿಂದಲೇ ತೆಗೆಯಿರಿ. ಅದಕ್ಕೆ ಪೀಕ್ ಫ್ರೀಕ್ವೆನ್ಸಿ ಅನ್ನುತ್ತಾರೆ, ಗದ್ದಲಕ್ಕೆ ಅಷ್ಟು ಬಾಗುವುದಿಲ್ಲ. ಅಳೆಯುವವರಿಗೆ ಯಾವ ಫೈಲ್ ರೋಡಿನದು, ಯಾವುದು ಕ್ರಾಸ್‌ನದು ಅಂತ ಗೊತ್ತಾಗದ ಹಾಗೆ ಇನ್ನೊಬ್ಬರು ಹೆಸರು ಬದಲಿಸಿ ಕೊಡಲಿ.

ಕೊನೆಯದಾಗಿ, ಎರಡು ಹಕ್ಕಿ ಸಾಲದು. ಮಡಿವಾಳ ಹಕ್ಕಿಗಳಲ್ಲಿ ಒಂದೊಂದಕ್ಕೂ ತನ್ನದೇ ಸಿಳ್ಳೆಗಳ ಸಂಗ್ರಹ ಇರುತ್ತದೆ. ನಿಮ್ಮ ಎರಡು ಹಕ್ಕಿಗಳ ಹಾಡು ಬೇರೆಯಾಗಿರುವುದಕ್ಕೆ ರೋಡೇ ಕಾರಣ ಆಗಬೇಕಿಲ್ಲ.


ಮಲೆನಾಡ್_ಮಗಳು

ಕಲಿತು ಹಾಡುವುದು ಅಂದಾಗ ಒಂದು ಹೊಳೆಯಿತು. ಕೋಗಿಲೆ ಮರಿ ಬೆಳೆಯುವುದು ಕಾಗೆ ಗೂಡಿನಲ್ಲಿ. ಅದಕ್ಕೆ ಕುಹೂ ಯಾರು ಕಲಿಸಿದರು?


ಕೆರೆದಂಡೆ

ಯಾರೂ ಕಲಿಸುವುದಿಲ್ಲ ಮೇಡಂ. ಕೋಗಿಲೆ ಜಾತಿಯ ಹಕ್ಕಿಗಳ ಕೂಗು ಹುಟ್ಟಿನಿಂದ ಬಂದದ್ದು. ಕಲಿಯುವವು ಮುಖ್ಯವಾಗಿ ಮೂರು ಗುಂಪು: ಹಾಡುಹಕ್ಕಿಗಳು, ಗಿಳಿಗಳು, ಹಮ್ಮಿಂಗ್‌ಬರ್ಡ್‌ಗಳು. ನಮ್ಮ ಮಡಿವಾಳ, ಪಿಕಳಾರ, ಟುವ್ವಿ, ಸೂರಕ್ಕಿ ಎಲ್ಲ ಹಾಡುಹಕ್ಕಿಗಳು. ಕಾಗೆಯೂ ಅದೇ ಗುಂಪು!

ಕಲಿಕೆಯೇ ಇಲ್ಲಿ ಮುಖ್ಯ ಅನ್ನಿಸುತ್ತದೆ ನನಗೆ. ಮರಿ ಮೊದಲು ಸುಮ್ನೆ ಕೇಳುತ್ತದೆ. ಆಮೇಲೆ ತೊದಲುತ್ತದೆ. ಆಮೇಲೆ ತನ್ನ ದನಿಯನ್ನು ತಾನೇ ಕೇಳಿಕೊಂಡು ತಿದ್ದುತ್ತದೆ. ಮೇನ್ ರೋಡಿನ ಪಕ್ಕದ ಮರಿಗೆ ಅಪ್ಪನ ಹಾಡಿನಲ್ಲಿ ಗದ್ದಲದ ಮೇಲೆ ತೇಲುವ ಸ್ವರಗಳು ಮಾತ್ರ ಸ್ಪಷ್ಟ ಕೇಳಿದರೆ, ಅದು ಅವನ್ನೇ ಕಲಿಯುವುದು ಸಹಜ. ಬಿಳಿನೆತ್ತಿಯ ಗುಬ್ಬಿ ಮರಿಗಳಿಗೆ ಪ್ರಯೋಗಾಲಯದಲ್ಲಿ ಗದ್ದಲದ ನಡುವೆ ಹಾಡು ಕೇಳಿಸಿದಾಗ, ಗದ್ದಲದಲ್ಲಿ ಕಮ್ಮಿ ಮುಚ್ಚಿಹೋಗುವ ಹಾಡುಗಳನ್ನೇ ಅವು ಹೆಚ್ಚಾಗಿ ಕಲಿತವು.

ಗುರುಗಳೇ ಇಲ್ಲವಾದರೆ ಏನಾಗುತ್ತದೆ ಅನ್ನುವುದು ಇನ್ನೂ ಕಷ್ಟದ ಕಥೆ. ಆಸ್ಟ್ರೇಲಿಯಾದ ರೀಜೆಂಟ್ ಹನಿಈಟರ್ ಹಕ್ಕಿಗಳು ತೀರಾ ವಿರಳವಾಗಿವೆ. ಎಳೆಯ ಗಂಡುಗಳಿಗೆ ತಮ್ಮ ಜಾತಿಯ ಹಿರಿಯರು ಸಿಗದೆ ಕೆಲವು ಬೇರೆ ಜಾತಿಯ ಹಾಡನ್ನೇ ಕಲಿತಿವೆ ಅಂತ 2021ರಲ್ಲಿ ವರದಿಯಾಯಿತು. ರೆಕಾರ್ಡಿಂಗ್‌ಗಳನ್ನು ಹೋಲಿಸಿದ್ದರಿಂದಲೇ ಇದು ಗೊತ್ತಾದದ್ದು. ಓದಿದಾಗ ನನಗೆ ತುಂಬ ಸಂಕಟವಾಯಿತು.


ಬಸವನಗುಡಿ_ಮೇಷ್ಟ್ರು

ಆಪ್ ಬಗ್ಗೆ ಒಂದು ಎಚ್ಚರಿಕೆ. ಅನುಕರಣೆ ಮಾಡುವ ಹಕ್ಕಿಗಳ ಮುಂದೆ ಅದನ್ನು ಕಣ್ಣುಮುಚ್ಚಿ ನಂಬಬೇಡಿ. ಕಾಜಾಣ ಶಿಕ್ರಾ ಗಿಡುಗದ ಕೂಗು ಹಾಕುತ್ತದೆ. ಎಲೆಹಕ್ಕಿ ಸುತ್ತಲಿನ ಅರ್ಧ ಡಜನ್ ಹಕ್ಕಿಗಳ ದನಿ ಸೇರಿಸಿ ಹಾಡುತ್ತದೆ. ಮಡಿವಾಳ ಹಕ್ಕಿಯೂ ಆಗಾಗ ಬೇರೆಯವರ ಸ್ವರ ಎತ್ತಿಕೊಳ್ಳುತ್ತದೆ. ಕಣ್ಣಿಗೆ ಕಾಣದ ಹಕ್ಕಿಯನ್ನು ಆಪ್ ತೋರಿಸಿತು ಅಂತ ಪಟ್ಟಿಗೆ ಸೇರಿಸುವುದು ಸರಿಯಲ್ಲ.

ಅನುಕರಣೆಯನ್ನು ತಪ್ಪು ಅಂತ ಬದಿಗಿಡುವುದೂ ಸರಿಯಲ್ಲ. ಬಿಳಿಗಿರಿರಂಗನ ಬೆಟ್ಟದ ಭೀಮರಾಜ ಹಕ್ಕಿಗಳ ಅನುಕರಣೆಯ ಮೇಲೆ ನಮ್ಮ ಭಾರತೀಯ ವಿಜ್ಞಾನ ಸಂಸ್ಥೆಯಿಂದಲೇ ಸಂಶೋಧನೆ ನಡೆದಿದೆ. ಶ್ರೀಲಂಕಾದಲ್ಲಿ ಭೀಮರಾಜ ಬೇರೆ ಹಕ್ಕಿಗಳ ಎಚ್ಚರಿಕೆಯ ಕೂಗನ್ನು ಅಪಾಯದ ಹೊತ್ತಿನಲ್ಲೇ ಬಳಸುತ್ತದೆ ಅಂತ ಕಂಡುಕೊಂಡಿದ್ದಾರೆ. ಯಾವ ಹೊತ್ತಿಗೆ ಯಾವ ದನಿ ಅನ್ನುವುದನ್ನು ಬರೆದಿಟ್ಟರೆ ಮಾತ್ರ ಇಂಥದ್ದು ಸಿಗುತ್ತದೆ. ಆದ್ದರಿಂದ ರೆಕಾರ್ಡಿಂಗ್ ಜೊತೆ ಹಕ್ಕಿ ಏನು ಮಾಡುತ್ತಿತ್ತು ಅಂತ ನಾಲ್ಕು ಸಾಲು ಕಡ್ಡಾಯ ಬರೆಯಿರಿ. ರೆಕಾರ್ಡಿಂಗ್ ಕೊನೆಯಲ್ಲಿ ಬಾಯಲ್ಲೇ ಹೇಳಿದರೂ ಆಯಿತು.


ಕನಕಪುರ_ರೋಡ್

ಸುಲಭದ ದಾರಿ ಇದೆಯಲ್ಲ. ಬ್ಲೂಟೂತ್ ಸ್ಪೀಕರ್‌ನಲ್ಲಿ ರೋಡಿನ ಹಕ್ಕಿಯ ಹಾಡನ್ನು ಕ್ರಾಸ್‌ನ ಹಕ್ಕಿಗೆ ಕೇಳಿಸಿ. ಉತ್ತರ ಕೊಡುತ್ತದೋ ಇಲ್ಲವೋ ನೋಡಿ.


ಕೆರೆದಂಡೆ

ದಯವಿಟ್ಟು ಬೇಡ. ಕೈ ಮುಗಿದು ಹೇಳುತ್ತೇನೆ. ಗೂಡು ಕಟ್ಟುವ ಕಾಲದಲ್ಲಿ ತನ್ನ ಜಾಗದ ನಡುವೆ ಇನ್ನೊಂದು ಗಂಡಿನ ಹಾಡು ಕೇಳಿದರೆ ಆ ಹಕ್ಕಿ ಎಲ್ಲ ಬಿಟ್ಟು ಜಗಳಕ್ಕೆ ಬರುತ್ತದೆ. ಎದುರಾಳಿ ಕಾಣುವುದಿಲ್ಲ, ಹುಡುಕುತ್ತಲೇ ಇರುತ್ತದೆ. ಮರಿಗೆ ಆಹಾರ ತರುವ ಹೊತ್ತು ಹಾಳು. ಫೋಟೋಗಾಗಿ ಪದೇ ಪದೇ ಹಾಡು ಹಾಕುವವರನ್ನು ಕೆರೆಗಳ ಹತ್ತಿರ ನೋಡಿ ಸಾಕಾಗಿದೆ.


ಉಲಿ_ವಿದ್ಯಾರ್ಥಿ

ಕೆರೆದಂಡೆ ಸರ್ ಮಾತಿಗೆ ನನ್ನ ಒಪ್ಪಿಗೆ ಇದೆ, ನಾವು ಇಲ್ಲಿ ಮಾಡಬಾರದು. ಆದರೆ ಆ ವಿಧಾನವನ್ನೇ ತಪ್ಪು ಅನ್ನಲಾರೆ. ಹಕ್ಕಿಗೆ ಒಂದು ದನಿಯ ಅರ್ಥ ಏನು ಅಂತ ತಿಳಿಯಲು ಅದನ್ನು ಕೇಳಿಸಿ ನೋಡುವುದಕ್ಕಿಂತ ಗಟ್ಟಿ ದಾರಿ ಇನ್ನೂ ಸಿಕ್ಕಿಲ್ಲ.

ಜಪಾನಿನ ತೊಶಿತಾಕ ಸುಜುಕಿ ಅವರ ಕೆಲಸ ನೋಡಿ. ಅಲ್ಲಿನ ಟಿಟ್ ಹಕ್ಕಿಗೆ ಒಂದು ಕೂಗು "ಸುತ್ತ ನೋಡಿ, ಅಪಾಯ" ಅನ್ನಲು, ಇನ್ನೊಂದು "ಹತ್ತಿರ ಬನ್ನಿ" ಅನ್ನಲು. ಎರಡನ್ನೂ ಸೇರಿಸಿ ಕೇಳಿಸಿದರೆ ಹಕ್ಕಿಗಳು ಸುತ್ತ ನೋಡುತ್ತಾ ಹತ್ತಿರ ಬರುತ್ತವೆ. ಅವೇ ಎರಡನ್ನು ಹಿಂದುಮುಂದು ಮಾಡಿ ಕೇಳಿಸಿದರೆ ಹಾಗೆ ಮಾಡುವುದು ತೀರಾ ಕಮ್ಮಿ. ಕ್ರಮಕ್ಕೆ ಬೆಲೆ ಇದೆ ಅಂತ ಇದರಿಂದ ತಿಳಿಯಿತು. 2016ರಲ್ಲಿ ಇದು ಪ್ರಕಟವಾಯಿತು.

ಇನ್ನೊಂದು ನಮ್ಮ ಊರಿಗೂ ಸೇರಿದ್ದು. ಗ್ರೀನಿಷ್ ವಾರ್ಬ್ಲರ್ ಅನ್ನುವ ಪುಟ್ಟ ಹಸಿರು ಹಕ್ಕಿ ಚಳಿಗಾಲಕ್ಕೆ ಲಾಲ್‌ಬಾಗ್, ಜಿಕೆವಿಕೆ ಎಲ್ಲ ಕಡೆ ಬರುತ್ತದೆ. ಮರದ ತುದಿಯಲ್ಲಿ ಚಿವಿಟ್ ಚಿವಿಟ್ ಅಂತ ಸದಾ ಸದ್ದು. ಬೇಸಿಗೆಯಲ್ಲಿ ಈ ಹಕ್ಕಿಗಳ ಊರು ಟಿಬೆಟ್ ಪ್ರಸ್ಥಭೂಮಿಯ ಸುತ್ತ ಉಂಗುರದ ಹಾಗೆ ಹಬ್ಬಿದೆ. ಹಿಮಾಲಯದಿಂದ ಪಶ್ಚಿಮಕ್ಕೂ ಪೂರ್ವಕ್ಕೂ ಸುತ್ತಿಕೊಂಡು ಉತ್ತರಕ್ಕೆ ಹೋದಂತೆ ಹಾಡು ಸ್ವಲ್ಪ ಸ್ವಲ್ಪವೇ ಬದಲಾಗುತ್ತದೆ, ಉದ್ದವಾಗುತ್ತದೆ, ಜಟಿಲವಾಗುತ್ತದೆ. ಸೈಬೀರಿಯಾದಲ್ಲಿ ಎರಡು ತುದಿ ಮತ್ತೆ ಸೇರಿದಾಗ ಒಂದರ ಹಾಡನ್ನು ಇನ್ನೊಂದು ತನ್ನದು ಅಂತ ಗುರುತಿಸುವುದೇ ಇಲ್ಲ. ಡ್ಯಾರೆನ್ ಇರ್ವಿನ್ ಮತ್ತು ಜೊತೆಗಾರರು 2001ರಲ್ಲಿ ತೋರಿಸಿದ್ದು ಇದು. ಸ್ಪೆಕ್ಟ್ರೋಗ್ರಾಂ ಮತ್ತು ಹಾಡು ಕೇಳಿಸುವ ಪ್ರಯೋಗ ಎರಡೂ ಬೇಕಾದವು.

ಅದಕ್ಕೇ ನನ್ನ ಅಭಿಪ್ರಾಯ: ಗಟ್ಟಿ ಪ್ರಶ್ನೆ ಇದ್ದು, ಅನುಮತಿ ಇದ್ದು, ಕೆಲವೇ ನಿಮಿಷ ಕೇಳಿಸಿ ನಿಲ್ಲಿಸುವವರು ಮಾಡಲಿ. ನಾವು ಹಕ್ಕಿಗಳು ತಾವಾಗಿ ಆಡಿಕೊಳ್ಳುವ ಮಾತನ್ನು ಕೇಳೋಣ.


ಕನಕಪುರ_ರೋಡ್

ಸರಿ, ಸ್ಪೀಕರ್ ಬಿಟ್ಟೆ. ಬೇರೆ ಪ್ರಶ್ನೆ. ಹಾಡುವುದೆಲ್ಲ ಗಂಡೇನಾ?


ಬಸವನಗುಡಿ_ಮೇಷ್ಟ್ರು

ಅಲ್ಲ. ಬಹಳ ಕಾಲ ಹಾಗೇ ಬರೆಯುತ್ತಿದ್ದರು. ಯುರೋಪ್, ಉತ್ತರ ಅಮೆರಿಕದ ಹಕ್ಕಿಗಳನ್ನೇ ಜಾಸ್ತಿ ನೋಡಿದ್ದರ ಫಲ ಅದು. 2014ರಲ್ಲಿ ಜಗತ್ತಿನ ಹಾಡುಹಕ್ಕಿಗಳ ಮಾಹಿತಿ ಒಟ್ಟು ಹಾಕಿ ನೋಡಿದಾಗ, ಪರಿಶೀಲಿಸಿದ ಜಾತಿಗಳಲ್ಲಿ ಶೇಕಡ 71ರಲ್ಲಿ ಹೆಣ್ಣೂ ಹಾಡುತ್ತದೆ ಅಂತ ಕಂಡಿತು. ನಮ್ಮಂಥ ಬಿಸಿ ದೇಶಗಳಲ್ಲಿ ಇಂಥ ರೆಕಾರ್ಡಿಂಗ್‌ಗೆ ಬೆಲೆ ಇರುವುದು ಇದಕ್ಕೇ. ಹೆಣ್ಣು ಮಡಿವಾಳ ಹಕ್ಕಿ ಬೂದು ಬಣ್ಣ. ಅದು ದನಿ ಮಾಡಿದರೆ ಖಂಡಿತ ಹಿಡಿಯಿರಿ, ಯಾರು ಹಾಡಿದ್ದು ಅಂತ ಸ್ಪಷ್ಟ ಬರೆಯಿರಿ.


ಬನ್ನೇರುಘಟ್ಟ_ರೋಡ್

ನಮ್ಮ ಅಪಾರ್ಟ್‌ಮೆಂಟ್ ಟೆರೇಸ್ ಮೇಲೆ ಆಡಿಯೋಮಾತ್ ಇಡಬೇಕು ಅಂತಿದ್ದೇನೆ. ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡ ರೆಕಾರ್ಡರ್, ಮೂರು ಎಎ ಸೆಲ್, ಒಂದು ಮೈಕ್ರೋ ಎಸ್‌ಡಿ ಕಾರ್ಡ್. ಯಾವ ಹೊತ್ತಿಗೆ ಆನ್, ಯಾವ ಹೊತ್ತಿಗೆ ಆಫ್ ಅಂತ ಮೊದಲೇ ಹೇಳಿಟ್ಟರೆ ತಾನೇ ರೆಕಾರ್ಡ್ ಮಾಡುತ್ತದೆ. ಕಾಡಿನಲ್ಲಿ ತಿಂಗಳುಗಟ್ಟಲೆ ಇಟ್ಟು ಬರುತ್ತಾರೆ.

ಆದರೆ ಇದು ಕಾಡಲ್ಲ. ಟೆರೇಸ್ ಮೇಲೆ ಬಟ್ಟೆ ಒಣಗಿಸುವವರು, ಫೋನಿನಲ್ಲಿ ಮನೆ ವಿಷಯ ಮಾತಾಡುವವರು ಇರುತ್ತಾರೆ. ಅವರ ಮಾತು ನಮ್ಮ ಕಾರ್ಡಿನಲ್ಲಿ ಕೂರಬಾರದು. ಅಸೋಸಿಯೇಷನ್‌ಗೆ ಹೇಳಿ, ಬೋರ್ಡ್ ಹಾಕಿ, ಬೆಳಗಿನ ಜಾವ ಮಾತ್ರ ರೆಕಾರ್ಡ್ ಮಾಡುವುದು ಅಂತ ತೀರ್ಮಾನಿಸಿದ್ದೇನೆ. ನೀವೂ ಫೈಲ್ ಹಂಚುವ ಮೊದಲು ಒಮ್ಮೆ ಕೇಳಿ, ಜನರ ಮಾತು ಇದ್ದರೆ ಕತ್ತರಿಸಿ.


ಸೌಂಡ್‌ಮನೆ

ಒಳ್ಳೆಯ ಮಾತು. ಕತ್ತರಿಸಿದ ಜಾಗದ ಸಮಯ ಮಾತ್ರ ಬರೆದಿಡಿ. ಇನ್ನೊಂದು, ಅಂಥ ಮೂರು ನಾಲ್ಕು ರೆಕಾರ್ಡರ್ ಗಡಿಯಾರ ಸರಿಯಾಗಿ ಹೊಂದಿಸಿ ಬೇರೆ ಬೇರೆ ಮೂಲೆಯಲ್ಲಿಟ್ಟರೆ ಹಕ್ಕಿ ಎಲ್ಲಿ ಕೂತಿತ್ತು ಅಂತಲೂ ಲೆಕ್ಕ ಹಾಕಬಹುದು. ದನಿ ಸೆಕೆಂಡಿಗೆ ಸುಮಾರು 340 ಮೀಟರ್ ಓಡುತ್ತದೆ, ಯಾವ ಮೈಕ್‌ಗೆ ಮೊದಲು ತಲುಪಿತು ಅನ್ನುವುದರಿಂದ ಜಾಗ ಸಿಗುತ್ತದೆ. ಯಾರು ಹಾಡಿದರು, ಯಾರು ಉತ್ತರಿಸಿದರು ಅನ್ನುವುದಕ್ಕೆ ಇದೇ ಬೇಕು. ಗಡಿಯಾರದಲ್ಲಿ ಸೆಕೆಂಡಿನ ಹತ್ತನೇ ಒಂದು ಭಾಗ ತಪ್ಪಿದರೂ ಜಾಗ 34 ಮೀಟರ್ ಆಚೀಚೆ ಆಗುತ್ತದೆ. ಫೋನ್‌ಗಳಿಂದ ಇದು ಕಷ್ಟ.


ಜಯನಗರ_ಟೆರೇಸ್

ಇಷ್ಟೆಲ್ಲ ಓದಿದ ಮೇಲೆ ನನ್ನ ಪ್ರಶ್ನೆಯನ್ನೇ ತಿದ್ದಬೇಕು ಅನ್ನಿಸುತ್ತದೆ. ರೋಡಿನ ಹಕ್ಕಿ ಮತ್ತು ಕ್ರಾಸ್‌ನ ಹಕ್ಕಿಯನ್ನು ಹೋಲಿಸುವ ಬದಲು, ಒಂದೇ ಹಕ್ಕಿಯನ್ನು ಗದ್ದಲ ಇದ್ದಾಗ, ಇಲ್ಲದಾಗ ಹೋಲಿಸಿದರೆ? ಬರ್ಲಿನ್‌ನ ಹಾಗೆ ಭಾನುವಾರ ಮತ್ತು ಸೋಮವಾರ. ಆದರೆ ನಮ್ಮ ಮೇನ್ ರೋಡಿಗೆ ಭಾನುವಾರವೂ ಬಿಡುವಿಲ್ಲ.


ಮಲೆನಾಡ್_ಮಗಳು

ಕಬ್ಬನ್ ಪಾರ್ಕ್! ಭಾನುವಾರ ಒಳಗೆ ಗಾಡಿ ಬಿಡುವುದಿಲ್ಲವಲ್ಲ. ಸೋಮವಾರ ಆಫೀಸ್ ಹೊತ್ತಿಗೆ ಅದೇ ರಸ್ತೆಗಳಲ್ಲಿ ಸಾಲುಗಟ್ಟಿ ಹೋಗುತ್ತವೆ. ಮಡಿವಾಳ ಹಕ್ಕಿಗಳೂ ಅಲ್ಲಿ ಬೇಕಾದಷ್ಟಿವೆ.


ಉಲಿ_ವಿದ್ಯಾರ್ಥಿ

ಮೇಡಂ, ಇದು ಅದ್ಭುತ. ಹಕ್ಕಿ ಅದೇ, ಮರ ಅದೇ, ಬದಲಾಗುವುದು ಗಾಡಿ ಮಾತ್ರ. ಇದಕ್ಕೆ ಇನ್ನೊಂದು ಸೇರಿಸೋಣ. ಬೆಳಗ್ಗೆ 6ಕ್ಕೆ ಒಂದು ಸಲ, 9ಕ್ಕೆ ಒಂದು ಸಲ, ಎರಡೂ ದಿನ. 6ಕ್ಕೆ ಸೋಮವಾರವೂ ಪಾರ್ಕ್ ಒಳಗೆ ಶಾಂತ. ಹಾಗಾಗಿ 6ರ ಹಾಡಿನಲ್ಲಿ ಭಾನುವಾರಕ್ಕೂ ಸೋಮವಾರಕ್ಕೂ ವ್ಯತ್ಯಾಸ ಬರಬಾರದು. 9ಕ್ಕೆ ಬರಬೇಕು. 6ಕ್ಕೇ ವ್ಯತ್ಯಾಸ ಕಂಡರೆ ನಮ್ಮ ವಿಧಾನದಲ್ಲಿ ಏನೋ ಸರಿಯಿಲ್ಲ ಅಂತ ಅರ್ಥ. 6ರ ಹಾಡನ್ನು 9ರ ಹಾಡಿನ ಜೊತೆ ನೇರ ಹೋಲಿಸಬೇಡಿ, ನಸುಕಿನ ಹಾಡಿನ ರೀತಿಯೇ ಬೇರೆ.


ಬಸವನಗುಡಿ_ಮೇಷ್ಟ್ರು

ಭಾನುವಾರ ಗಾಡಿ ಇಲ್ಲ, ಜನ ಜಾಸ್ತಿ. ಓಡುವವರು, ನಾಯಿಗಳು, ಮಕ್ಕಳ ಕೂಗಾಟ. ಸುತ್ತಲಿನ ರಸ್ತೆಗಳ ಸದ್ದೂ ಒಳಗೆ ಬರುತ್ತದೆ. "ಗಾಡಿ ಮಾತ್ರ" ಅನ್ನುವುದು ಅಷ್ಟು ಸರಿಯಲ್ಲಪ್ಪ.


ಉಲಿ_ವಿದ್ಯಾರ್ಥಿ

ಸರಿ ಮೇಷ್ಟ್ರೇ, ಒಪ್ಪಿದೆ. ಹಾಗಾದರೆ ವಾರದ ಹೆಸರನ್ನು ನಂಬದೆ, ಪ್ರತಿ ಹಾಡಿನ ಹಿಂದಿನ ಗದ್ದಲವನ್ನೇ ಅಳೆಯೋಣ. ಹಕ್ಕಿ ಎರಡು ಹಾಡುಗಳ ನಡುವೆ ಸುಮ್ಮನಿರುವ ಹೊತ್ತಿನ ರೆಕಾರ್ಡಿಂಗ್‌ನಿಂದ ಅದು ಸಿಗುತ್ತದೆ. ಜನರ ಸದ್ದಿನ ಬಗ್ಗೆ ಟಿಪ್ಪಣಿ ಬೇರೆ. ಫೋನಿನ ಡೆಸಿಬಲ್ ಆಪ್ ತೋರಿಸುವ ಅಂಕಿಯನ್ನು ವಸತಿ ಪ್ರದೇಶಕ್ಕೆ ಸರ್ಕಾರ ಇಟ್ಟ 55 ಡೆಸಿಬಲ್ ಹಗಲಿನ ಮಿತಿಯ ಜೊತೆ ಹೋಲಿಸಬೇಡಿ, ಅದು ಅಷ್ಟು ನಿಖರ ಅಲ್ಲ. ಒಂದೇ ಫೋನಿನಲ್ಲಿ ಭಾನುವಾರಕ್ಕಿಂತ ಸೋಮವಾರ ಎಷ್ಟು ಜಾಸ್ತಿ ಅನ್ನಲು ಸಾಕು.


ಜಯನಗರ_ಟೆರೇಸ್

ಹಾಗಾದರೆ ಈ ಭಾನುವಾರ ಬೆಳಗ್ಗೆ 5:45ಕ್ಕೆ ಕಬ್ಬನ್ ಪಾರ್ಕ್‌ನ ಕೇಂದ್ರ ಗ್ರಂಥಾಲಯದ ಮುಂದೆ ಸೇರೋಣ. ಮೊದಲ ದಿನ ರೆಕಾರ್ಡ್‌ಗಿಂತ ಮುಖ್ಯ ಕೆಲಸ, ಯಾವ ಗಂಡು ಯಾವ ಮರದಲ್ಲಿ ಹಾಡುತ್ತದೆ ಅಂತ ನಕ್ಷೆ ಬರೆಯುವುದು. ಒಬ್ಬೊಬ್ಬರಿಗೆ ಒಂದೊಂದು ಹಕ್ಕಿ. ಕೊನೆಯ ತನಕ ಅದೇ ಹಕ್ಕಿ, ಅದೇ ಫೋನ್, ನಿಂತ ಜಾಗವೂ ಅದೇ. ಸ್ಪೀಕರ್ ಯಾರೂ ತರುವುದಿಲ್ಲ. ಫೈಲ್ ಹೆಸರಿನಲ್ಲಿ ದಿನಾಂಕ, ಸಮಯ, ಮರದ ನಂಬರ್. ಅಳೆಯುವ ಮೊದಲು ಹೆಸರು ಬದಲಿಸುವ ಕೆಲಸ ಮೇಷ್ಟ್ರು ಮಾಡಿಕೊಟ್ಟರೆ ಉಪಕಾರ.


ಬಸವನಗುಡಿ_ಮೇಷ್ಟ್ರು

ಆಗಲಿ, ಮಾಡಿಕೊಡುತ್ತೇನೆ. ಯಾವುದು ಯಾವುದೆಂಬ ಪಟ್ಟಿ ನನ್ನ ಹತ್ತಿರವೇ ಇರುತ್ತದೆ. ಎಲ್ಲರ ಅಳತೆ ಮುಗಿಯುವ ತನಕ ಯಾರು ಕೇಳಿದರೂ ಕೊಡುವುದಿಲ್ಲ.


ಮಲೆನಾಡ್_ಮಗಳು

ನಾನು ಬರುತ್ತೇನೆ. ಬ್ಯಾಂಡ್‌ಸ್ಟ್ಯಾಂಡ್ ಹತ್ತಿರದ ಹಕ್ಕಿ ನನಗಿರಲಿ. ಸೋಮವಾರ 9ಕ್ಕೆ ಆಫೀಸಿಗೆ ಲೇಟಾಗಿ ಬರುತ್ತೇನೆ ಅಂತ ಈಗಲೇ ಹೇಳಿಟ್ಟಿದ್ದೇನೆ.